ತೆಳುಪದರದ ಸೌರಕೋಶಗಳ ಬಾಳಿಕೆ : ಕೊಪ್ಪಳ ಸೀಮೆಯ ಒಕ್ಕಲುತನದ ದೃಷ್ಟಿಯಿಂದ ಒಂದು ವಿಚಾರ

ನಮ್ಮ ರೈತರು ಎತ್ತನ್ನು ಕೊಳ್ಳುವಾಗ ಅದರ ಮೈಬಣ್ಣವನ್ನು ಮಾತ್ರ ನೋಡಿ ಹಣ ಎಣಿಸುವವರಲ್ಲ. ಹಲ್ಲನ್ನು ನೋಡುವರು, ಗೊರಸನ್ನು ನೋಡುವರು, ನಾಲ್ಕು ಸಾಲು ಹೂಡಿಸಿ ನೋಡುವರು. ಎಷ್ಟು ವರ್ಷ ದುಡಿದೀತು ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ಬೆಲೆಯ ಮಾತಿಗೆ ಬರುವರು. ಆದರೆ ಅದೇ ರೈತರು ಕೊಳವೆ ಬಾವಿಗೆ ಸೋಲಾರ್ ಪಂಪುಸೆಟ್ಟನ್ನು ಹಾಕಿಸುವಾಗ ಪ್ಯಾನೆಲ್ಲಿನ ಬೆನ್ನ ಮೇಲೆ ಬರೆದಿರುವ ವ್ಯಾಟಿನ ಅಂಕಿಯೊಂದನ್ನೇ ನೋಡಿ ತೃಪ್ತರಾಗುತ್ತಿರುವರು. ಆ ಅಂಕಿಯು ಪ್ಯಾನೆಲ್ಲು ಹೊಸದಾಗಿದ್ದ ದಿನದ ಬಲವನ್ನು ಹೇಳುವುದೇ ಹೊರತು ಇಪ್ಪತ್ತನೆಯ ವರ್ಷದ ಬಲವನ್ನು ಹೇಳುವುದಿಲ್ಲ. ಬಾಳಿಕೆಯ ಈ ಪ್ರಶ್ನೆಯನ್ನು, ಅದರಲ್ಲಿಯೂ ಈಚೆಗೆ ಪೇಟೆಯಲ್ಲಿ ಹೆಸರು ಕೇಳಿಬರುತ್ತಿರುವ ತೆಳುಪದರದ ಸೌರಕೋಶಗಳ ಬಾಳಿಕೆಯನ್ನು, ಕೊಪ್ಪಳ ಜಿಲ್ಲೆಯ ರೈತರ ಹಿತದ ದೃಷ್ಟಿಯಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಸೀಮೆಯ ಸ್ವರೂಪವನ್ನು ನೋಡೋಣ. ಕೊಪ್ಪಳವು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಒಂದೇ ಜಿಲ್ಲೆಯಾದರೂ ಇಲ್ಲಿ ಹವೆಯ ಗುಣ ಮೂರು ವಿಧವಾಗಿದೆ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಗದ್ದೆಗಳು ಹಬ್ಬಿದ್ದು, ಗಾಳಿಯಲ್ಲಿ ತೇವವೂ ಬೆಳಗಿನಲ್ಲಿ ಇಬ್ಬನಿಯೂ ಹೆಚ್ಚು; ಕೆಲವೆಡೆ ನೆಲವು ಸವಳು-ಜವಳಾಗಿದೆ. ಕುಷ್ಟಗಿ ಮತ್ತು ಯಲಬುರ್ಗಾಗಳಲ್ಲಿ ಎರೆ ಮತ್ತು ಮಸಾರಿ ಹೊಲಗಳ ಮಳೆಯಾಶ್ರಿತ ಬೇಸಾಯವೇ ಪ್ರಧಾನ. ಜೋಳ, ಸಜ್ಜೆ, ಶೇಂಗಾಗಳ ನಡುವೆ ಕೊಳವೆ ಬಾವಿಯ ಆಸರೆಯಿಂದ ದಾಳಿಂಬೆಯಂಥ ತೋಟಗಳು ನಿಂತಿವೆ. ಅಲ್ಲಿ ಬಿಸಿಲು ತೀಕ್ಷ್ಣ, ಗಾಳಿ ಬಲವಾದದ್ದು, ಧೂಳು ಹೇರಳ. ಇನ್ನು ಕೊಪ್ಪಳ ತಾಲ್ಲೂಕಿನ ಗಿಣಿಗೇರಿಯ ಸುತ್ತಮುತ್ತ ಕಬ್ಬಿಣದ ಕಾರ್ಖಾನೆಗಳಿರುವುದರಿಂದ ಕಪ್ಪು ಧೂಳು ಬೆಳೆಗಳ ಮೇಲೆ ಕೂರುವುದನ್ನು ಅಲ್ಲಿಯ ರೈತರೆಲ್ಲರೂ ಬಲ್ಲರು. ಶಾಖ, ತೇವ, ಧೂಳು ಎಂಬ ಈ ಮೂರೇ ಸೌರಕೋಶದ ಮುಖ್ಯ ಶತ್ರುಗಳು. ಮೂರೂ ಒಂದೇ ಜಿಲ್ಲೆಯಲ್ಲಿ ಬೇರೆಬೇರೆಯಾಗಿ ದೊರೆಯುವುದು ಅಪೂರ್ವವೆನ್ನಬೇಕು.

ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯ ಬಿ ವಿಭಾಗದಲ್ಲಿ ರೈತರಿಗೆ ಸೋಲಾರ್ ಪಂಪುಸೆಟ್ಟುಗಳನ್ನು ಸಹಾಯಧನದಿಂದ ಒದಗಿಸುವ ಏರ್ಪಾಡಾಯಿತು. ಕರ್ನಾಟಕದಲ್ಲಿ ವೆಚ್ಚದ ನೂರಕ್ಕೆ 30 ಭಾಗವನ್ನು ಕೇಂದ್ರವೂ 50 ಭಾಗವನ್ನು ರಾಜ್ಯವೂ ಉಳಿದ 20 ಭಾಗವನ್ನು ರೈತನೂ ಭರಿಸುವಂತೆ ಗೊತ್ತುಮಾಡಲಾಯಿತು. ಕೇಂದ್ರದ ನಿಯಮಗಳ ಪ್ರಕಾರ ಒದಗಿಸುವವರು 5 ವರ್ಷಗಳ ಕಾಲ ಪಂಪುಸೆಟ್ಟಿನ ದುರಸ್ತಿಯನ್ನು ನೋಡಿಕೊಳ್ಳತಕ್ಕದ್ದು. ಪ್ಯಾನೆಲ್ಲಿನ ಬಲವು 10 ವರ್ಷಗಳ ಕೊನೆಗೆ ನೂರಕ್ಕೆ 90ಕ್ಕೂ 25 ವರ್ಷಗಳ ಕೊನೆಗೆ ನೂರಕ್ಕೆ 80ಕ್ಕೂ ಕಡಿಮೆಯಾಗಕೂಡದು. ನಿಯಮವೇನೋ ಒಳ್ಳೆಯದೇ. ಆದರೆ ಹತ್ತನೆಯ ವರ್ಷದಲ್ಲಿ ಪ್ಯಾನೆಲ್ಲು 90 ಭಾಗ ದುಡಿಯುತ್ತಿದೆಯೋ 75 ಭಾಗ ದುಡಿಯುತ್ತಿದೆಯೋ ಎಂಬುದನ್ನು ಅಳೆಯುವವರು ಯಾರು? ಅಳತೆಯಿಲ್ಲದ ಭರವಸೆಯು ತೂಕವಿಲ್ಲದ ತಕ್ಕಡಿಯಂತೆ.

ಬಾಳಿಕೆಯ ಸಣ್ಣ ವ್ಯತ್ಯಾಸವು ಎಷ್ಟು ದೊಡ್ಡ ಫಲವನ್ನು ಕೊಡುವುದೆಂಬುದನ್ನು ಲೆಕ್ಕದಿಂದ ತೋರಿಸಬಹುದು. 5000 ವ್ಯಾಟಿನ ಪ್ಯಾನೆಲ್ಲುಗಳ ಬಲವು ವರ್ಷಕ್ಕೆ ನೂರಕ್ಕೆ ಅರ್ಧದಂತೆ ಕುಗ್ಗಿದರೆ 20 ವರ್ಷಗಳ ನಂತರ ಸುಮಾರು 4520 ವ್ಯಾಟ್ ಉಳಿಯುವುದು. ವರ್ಷಕ್ಕೆ 1ರಂತೆ ಕುಗ್ಗಿದರೆ 4090, ವರ್ಷಕ್ಕೆ 2ರಂತೆ ಕುಗ್ಗಿದರೆ 3340 ಮಾತ್ರ; ಅಂದರೆ ಮೂರರಲ್ಲಿ ಒಂದು ಭಾಗ ಹೋದಂತಾಯಿತು. ಇದೇ ಅವಧಿಯಲ್ಲಿ ಬಾವಿಯ ನೀರು 200 ಅಡಿಯಿಂದ 300 ಅಡಿಗೆ ಇಳಿಯಿತೆಂದು ಇಟ್ಟುಕೊಳ್ಳೋಣ. ಒಂದು ಕೊಡ ನೀರನ್ನು ಮೇಲೆತ್ತಲು ಮೊದಲಿಗಿಂತ ಒಂದೂವರೆ ಪಾಲು ಶಕ್ತಿ ಬೇಕಾಗುವುದು. ಬಲ ಕುಗ್ಗಿದ್ದೂ ಆಳ ಹೆಚ್ಚಿದ್ದೂ ಕೂಡಿ, ಮೊದಲ ವರ್ಷ ಬಂದ ನೀರಿನ ಅರ್ಧಕ್ಕಿಂತಲೂ ಕಡಿಮೆ ನೀರು ಬರುವುದು. ದಾಳಿಂಬೆಯ ಗಿಡಗಳಾದರೋ ಮೊದಲ ವರ್ಷದಷ್ಟೇ ನೀರನ್ನು ಬೇಡುವುವು. ಆಗ ರೈತನು ಸಾಲ ಮಾಡಿ ಬೇರೆ ಪ್ಯಾನೆಲ್ಲನ್ನು ತರಬೇಕು, ಇಲ್ಲವೆ ತೋಟದ ಒಂದು ಭಾಗವನ್ನು ಒಣಗಲು ಬಿಡಬೇಕು. ಆದುದರಿಂದ ಪ್ಯಾನೆಲ್ಲಿನ ಬಾಳಿಕೆಯು ಎಂಜಿನಿಯರುಗಳಿಗೆ ಸಂಬಂಧಿಸಿದಷ್ಟೇ ಬೇಸಾಯಕ್ಕೂ ಸಂಬಂಧಿಸಿದ್ದು.

ಈಗ ತೆಳುಪದರವೆಂದರೇನೆಂಬುದನ್ನು ತಿಳಿಯೋಣ. ನಮ್ಮ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ಯಾನೆಲ್ಲುಗಳು ಸಿಲಿಕಾನ್ ಹರಳಿನ ಬಿಲ್ಲೆಗಳಿಂದ ಮಾಡಿದವು. ಬಿಲ್ಲೆಯ ದಪ್ಪ ಸುಮಾರು 150 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ತೆಳುಪದರದ ಕೋಶದಲ್ಲಿ ಬೆಳಕನ್ನು ಹೀರುವ ಪದರವು ಒಂದೆರಡು ಮೂರು ಮೈಕ್ರಾನುಗಳಷ್ಟೇ ದಪ್ಪವಾಗಿದ್ದು ಗಾಜಿನ ಮೇಲೆಯೇ ಲೇಪನಗೊಂಡಿರುವುದು. ಸಾಮಗ್ರಿಯ ಉಳಿತಾಯ ಇದರ ಮೊದಲನೆಯ ಗುಣ. ಶಾಖವನ್ನು ತಡೆಯುವುದು ಎರಡನೆಯದು. ಪ್ಯಾನೆಲ್ಲಿನ ಅಂಕಿಯನ್ನು 25 ಡಿಗ್ರಿ ಉಷ್ಣತೆಯಲ್ಲಿ ಅಳೆಯುವರು. ಯಲಬುರ್ಗಾದ ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ಲು 65 ಡಿಗ್ರಿಗೆ ಏರಿತೆಂದು ಭಾವಿಸಿದರೆ, ಪ್ರತಿ ಡಿಗ್ರಿಗೆ ನೂರಕ್ಕೆ 0.4ರಂತೆ ಕಳೆದುಕೊಳ್ಳುವ ಹರಳಿನ ಸಿಲಿಕಾನು 16 ಭಾಗ ಬಲವನ್ನು ಕಳೆದುಕೊಳ್ಳುವುದು, ಸುಮಾರು 0.3ರಂತೆ ಕಳೆದುಕೊಳ್ಳುವ ಕ್ಯಾಡ್ಮಿಯಂ ಟೆಲ್ಲುರೈಡು 12 ಭಾಗವನ್ನು. ಹೊಸ ಬಗೆಯ ಸಿಲಿಕಾನ್ ಪ್ಯಾನೆಲ್ಲುಗಳಲ್ಲಿ ಈ ಅಂತರವು ಕಿರಿದಾಗಿರುವುದೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ತೆಳುಪದರಗಳಲ್ಲಿ ಒಂದು ಹರಳುಗಟ್ಟದ ಸಿಲಿಕಾನು. ಅಂಗೈಯಗಲದ ಲೆಕ್ಕದ ಯಂತ್ರಗಳಲ್ಲಿ ಇರುವುದು ಇದೇ. ಇದರ ದೋಷವನ್ನು 1977ರಲ್ಲಿ ಸ್ಟೇಬ್ಲರ್ ಮತ್ತು ರಾನ್ಸ್ಕಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಯಾವ ಬೆಳಕಿನಿಂದ ಅದು ವಿದ್ಯುತ್ತನ್ನು ಕೊಡಬೇಕೋ ಆ ಬೆಳಕೇ ಅದರ ಒಳಗಿನ ಕಟ್ಟನ್ನು ಸಡಿಲಿಸುವುದು. ಬಿಸಿಲಿಗಿಟ್ಟ ಮೊದಲ ಕೆಲವು ತಿಂಗಳಲ್ಲಿ ನೂರಕ್ಕೆ 10ರಿಂದ 30 ಭಾಗದವರೆಗೆ ಬಲವು ಕುಗ್ಗಿ ಅನಂತರ ನಿಲ್ಲುವುದು. ಶಾಖ ಕೊಟ್ಟರೆ ಸ್ವಲ್ಪ ಚೇತರಿಸಿಕೊಳ್ಳುವುದು. ಇಂಥ ಪ್ಯಾನೆಲ್ಲನ್ನು ಕೊಳ್ಳುವಾಗ ಮೊದಲ ದಿನದ ಅಂಕಿಯನ್ನು ಕೇಳದೆ ಕುಗ್ಗಿ ನಿಂತ ಮೇಲಿನ ಅಂಕಿಯನ್ನೇ ಕೇಳಬೇಕು.

ಎರಡನೆಯದಾದ ಕ್ಯಾಡ್ಮಿಯಂ ಟೆಲ್ಲುರೈಡು ಈಗ ದೊಡ್ಡ ಸ್ಥಾವರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತೆಳುಪದರ. ಇದನ್ನು ತಯಾರಿಸುವ ಅಮೆರಿಕದ ಫಸ್ಟ್ ಸೋಲಾರ್ ಕಂಪನಿಯ ಕಾರ್ಖಾನೆಯು ಚೆನ್ನೈಯ ಹತ್ತಿರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇದರ ಹಿಂಬದಿಯ ಲೋಹದ ಸಂಪರ್ಕಕ್ಕೆ ಬೆರೆಸುತ್ತಿದ್ದ ತಾಮ್ರವು ಶಾಖದಿಂದಲೂ ಕಾಲದಿಂದಲೂ ಒಳಪದರಗಳಿಗೆ ಸರಿದು ಬಲವನ್ನು ಕುಗ್ಗಿಸುವುದೆಂದು ಕಂಡುಬಂದುದರಿಂದ, ತಾಮ್ರದ ಸ್ಥಾನದಲ್ಲಿ ಬೇರೆ ಮೂಲದ್ರವ್ಯವನ್ನು ಬಳಸುವ ಸುಧಾರಣೆಯು ನಡೆದಿದೆ. ಮೂರನೆಯದು ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೀನಿಯಂಗಳ ಮಿಶ್ರಪದರ. ಅದರ ಮೇಲಿರುವ ಸತುವಿನ ಆಕ್ಸೈಡಿನ ಪಾರದರ್ಶಕ ಲೇಪಕ್ಕೆ ತೇವ ತಗಲಿದರೆ ವಿದ್ಯುತ್ತು ಹರಿಯುವ ದಾರಿಯೇ ಕೆಡುವುದು.

ನಾಲ್ಕನೆಯದು ಪೆರೋವ್‌ಸ್ಕೈಟ್. 2009ರಲ್ಲಿ ಜಪಾನಿನ ಮಿಯಾಸಾಕಾ ಮತ್ತು ಅವರ ಜೊತೆಯವರು ಇದರ ಮೊದಲ ಕೋಶವನ್ನು ಪ್ರಕಟಿಸಿದಾಗ ಬಿಸಿಲಿನ ನೂರರಲ್ಲಿ 3.8 ಭಾಗ ಮಾತ್ರ ವಿದ್ಯುತ್ತಾಗುತ್ತಿತ್ತು. ಈಗ ಪ್ರಯೋಗಶಾಲೆಗಳಲ್ಲಿ ಅದು 26ನ್ನು ಮೀರಿದೆ. ಆದರೆ ಇಷ್ಟು ವೇಗವಾಗಿ ಬೆಳೆದ ಕೂಸಿನ ಮೈ ಬಹಳ ನಾಜೂಕು. ತೇವ ತಗಲಿದರೆ ಇದರ ಹರಳು ಒಡೆದು ಹಳದಿ ಬಣ್ಣದ ಸೀಸದ ಅಯೋಡೈಡು ಉಳಿಯುವುದು. ಶಾಖದಲ್ಲಿಯೂ ನೇರಳಾತೀತ ಕಿರಣದಲ್ಲಿಯೂ ಒಳಗಿನ ಅಯಾನುಗಳು ಸ್ಥಳ ಬದಲಾಯಿಸುವುವು. ಹರಳಿನಲ್ಲಿ ಸೀಸಿಯಮ್ಮಿನಂಥ ಗಟ್ಟಿ ಘಟಕಗಳನ್ನು ಬೆರೆಸುವುದು, ಪದರಗಳ ಸಂದಿನ ದೋಷಗಳನ್ನು ಮುಚ್ಚುವುದು, ಎರಡು ಗಾಜುಗಳ ನಡುವೆ ಇಟ್ಟು ಅಂಚನ್ನು ರಬ್ಬರಿನಂಥ ಮೇಣದಿಂದ ಬಿಗಿಯುವುದು, ಇವೇ ಮೊದಲಾದ ಉಪಾಯಗಳಿಂದ ಇದರ ಆಯುಷ್ಯವು ಹೆಚ್ಚುತ್ತ ಬಂದಿದೆ. ಆದರೂ ಹೊಲದಲ್ಲಿ 25 ವರ್ಷ ನಿಂತ ಪೆರೋವ್‌ಸ್ಕೈಟ್ ಪ್ಯಾನೆಲ್ಲು ಪ್ರಪಂಚದಲ್ಲಿ ಒಂದೂ ಇಲ್ಲ. ಅದು ಹುಟ್ಟಿಯೇ ಅಷ್ಟು ಕಾಲವಾಗಿಲ್ಲ.

ಇವುಗಳಲ್ಲಿ ಕೆಲವನ್ನು ಕಾಡುವ ಇನ್ನೊಂದು ಕೇಡು ಗಾಜಿನಲ್ಲಿಯೇ ಇದೆ. ಗಾಜಿನಲ್ಲಿ ಸೋಡಿಯಂ ಇರುವುದು. ಇಬ್ಬನಿ ಬಿದ್ದ ಬೆಳಗ್ಗೆ ಪ್ಯಾನೆಲ್ಲಿನ ಮೇಲ್ಮೈ ತೇವವಾಗಿ, ಒಳಗಿನ ಋಣ ವಿದ್ಯುತ್ತಿಗೂ ಹೊರಗಿನ ಲೋಹದ ಚೌಕಟ್ಟಿಗೂ ನಡುವೆ ಸೋರಿಕೆ ಉಂಟಾದಾಗ ಆ ಸೋಡಿಯಂ ಒಳಕ್ಕೆ ಸರಿದು ಪಾರದರ್ಶಕ ಲೇಪವನ್ನು ಗಾಜಿನಿಂದ ಕಿತ್ತುಬಿಡುವುದು. ಗಂಗಾವತಿಯ ಗದ್ದೆಯ ಬದುವಿನಲ್ಲಿ ನಿಂತ ಪ್ಯಾನೆಲ್ಲಿಗೆ ಈ ಅಪಾಯ ಹೆಚ್ಚು, ಕುಷ್ಟಗಿಯ ಮಸಾರಿಯಲ್ಲಿ ನಿಂತದ್ದಕ್ಕೆ ಕಡಿಮೆ. ಕುಷ್ಟಗಿಯ ಪ್ಯಾನೆಲ್ಲಿಗಾದರೋ ಶಾಖದ ಕಾಟ ಹೆಚ್ಚು. ರಾಸಾಯನಿಕ ಕ್ರಿಯೆಗಳು ಉಷ್ಣತೆಯು ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಇಮ್ಮಡಿ ವೇಗದಲ್ಲಿ ನಡೆಯುವುವೆಂಬುದು ಸ್ಥೂಲವಾದ ನಿಯಮ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಪ್ಯಾನೆಲ್ಲುಗಳನ್ನು ಅಂತರರಾಷ್ಟ್ರೀಯ ನಿಯಮದಂತೆ ಪರೀಕ್ಷೆಮಾಡಿಯೇ ಮಾರುವರಲ್ಲ, ಮತ್ತೇಕೆ ಸಂಶಯ? ಎಂದು. ಪರೀಕ್ಷೆಯು ನಿಜ. 85 ಡಿಗ್ರಿ ಶಾಖ ಮತ್ತು ನೂರಕ್ಕೆ 85 ತೇವವಿರುವ ಪೆಟ್ಟಿಗೆಯಲ್ಲಿ 1000 ಗಂಟೆ ಇಡುವರು. ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿಯವರೆಗೆ 200 ಸಲ ತಂಪು-ಬಿಸಿ ಮಾಡುವರು. ಆದರೆ 1000 ಗಂಟೆಯೆಂದರೆ 42 ದಿನಗಳು. ತಯಾರಿಕೆಯ ದೋಷದಿಂದ ಬೇಗನೆ ಕೆಡತಕ್ಕವನ್ನು ಆರಿಸಿ ತೆಗೆಯುವುದೇ ಈ ಪರೀಕ್ಷೆಯ ಉದ್ದೇಶ; 25 ವರ್ಷದ ಆಯುಷ್ಯವನ್ನು ಸಿದ್ಧಪಡಿಸುವುದಲ್ಲ. ಅಲ್ಲದೆ ಕತ್ತಲೆಯ ಪೆಟ್ಟಿಗೆಯೊಳಗಿನ ಶಾಖ-ತೇವಗಳು ಬೇರೆ. ಬಿಸಿಲು, ಶಾಖ, ತೇವ, ವಿದ್ಯುತ್ತಿನ ಒತ್ತಡಗಳು ಒಟ್ಟಾಗಿ ಎರಗುವ ಹೊಲವೇ ಬೇರೆ. ಪೆರೋವ್‌ಸ್ಕೈಟಿನ ಸಂಶೋಧಕರು 2020ರಲ್ಲಿ ಒಮ್ಮತದಿಂದ ಪ್ರಕಟಿಸಿದ ಪರೀಕ್ಷಾಕ್ರಮದಲ್ಲಿ ಹೊರಬಯಲಿನ ಪರೀಕ್ಷೆಗೂ ಸ್ಥಾನವಿರುವುದು ಇದೇ ಕಾರಣದಿಂದ.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುವುದು. ಮುಂಬಯಿಯ ಐಐಟಿಯಲ್ಲಿರುವ ರಾಷ್ಟ್ರೀಯ ದ್ಯುತಿವಿದ್ಯುತ್ ಸಂಶೋಧನಾ ಕೇಂದ್ರದವರೂ ಗುರುಗ್ರಾಮದ ಹತ್ತಿರವಿರುವ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯವರೂ ಕೂಡಿ 2013ರಿಂದ ಕೆಲವು ಸಲ ದೇಶಾದ್ಯಂತ ಪ್ಯಾನೆಲ್ಲುಗಳ ಸಮೀಕ್ಷೆ ನಡೆಸಿದರು. ಬಿಸಿ ಹವೆಯ ಪ್ರದೇಶಗಳಲ್ಲಿ ಬಲವು ಹೆಚ್ಚು ಬೇಗನೆ ಕುಗ್ಗುವುದೆಂದೂ, ದೊಡ್ಡ ಸ್ಥಾವರಗಳಿಗಿಂತ ಚಿಕ್ಕ ಸ್ಥಾವರಗಳಲ್ಲಿ ಕ್ಷಯವು ಹೆಚ್ಚೆಂದೂ ಕಂಡುಬಂದಿತು. ಪಾವಗಡದ 2050 ಮೆಗಾವ್ಯಾಟಿನ ಸೌರ ಉದ್ಯಾನದಲ್ಲಿ ಕೊಳ್ಳುವವರ ಪರವಾಗಿ ಎಂಜಿನಿಯರುಗಳು ಪ್ರತಿಯೊಂದು ಸಾಗಣೆಯನ್ನೂ ಪರೀಕ್ಷಿಸಬಲ್ಲರು. ಯಲಬುರ್ಗಾದ ಐದೆಕರೆಯ ರೈತನ ಪರವಾಗಿ ನೋಡುವವರು ಯಾರೂ ಇಲ್ಲ. ಚಿಕ್ಕವನಿಗೆ ನಷ್ಟ ಹೆಚ್ಚಾಗುವುದು ಹೀಗೆ.

ಆದುದರಿಂದ ನಮ್ಮ ಸೂಚನೆಯೇನೆಂದರೆ, ಪ್ಯಾನೆಲ್ಲನ್ನು ಬೀಜದ ತಳಿಯಂತೆ ನೋಡಬೇಕು. ಯಾವ ಹೊಸ ತಳಿಯನ್ನೂ ಒಂದೇ ಕ್ಷೇತ್ರದ ಒಂದೇ ವರ್ಷದ ಇಳುವರಿಯನ್ನು ನಂಬಿ ರೈತರ ಕೈಗೆ ಕೊಡುವ ಪದ್ಧತಿ ಕೃಷಿಶಾಸ್ತ್ರದಲ್ಲಿಲ್ಲ. ಹಲವು ಸ್ಥಳಗಳಲ್ಲಿ, ಹಲವು ಹಂಗಾಮುಗಳಲ್ಲಿ, ಊರಿನ ಹಳೆಯ ತಳಿಯನ್ನು ಪಕ್ಕದಲ್ಲಿಯೇ ಬೆಳೆದು ಹೋಲಿಸಿದ ಮೇಲೆಯೇ ಬಿಡುಗಡೆ. ಗಂಗಾವತಿ ಸೋನಾ ಎಂಬ ಭತ್ತದ ತಳಿಯನ್ನು ಕೊಟ್ಟ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಈ ಕ್ರಮವನ್ನು ಚೆನ್ನಾಗಿ ಬಲ್ಲದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮೂರು ಚಿಕ್ಕ ಪರೀಕ್ಷಾ ತಾಕುಗಳನ್ನು ಏರ್ಪಡಿಸಬಹುದು: ಗಂಗಾವತಿಯಲ್ಲಿ ತೇವಕ್ಕೆ ಒಂದು, ಕುಷ್ಟಗಿ ಅಥವಾ ಯಲಬುರ್ಗಾದಲ್ಲಿ ಶಾಖಕ್ಕೆ ಒಂದು, ಗಿಣಿಗೇರಿಯ ಬಳಿ ಧೂಳಿಗೆ ಒಂದು. ಪ್ರತಿಯೊಂದರಲ್ಲಿಯೂ ಬಗೆಬಗೆಯ ತೆಳುಪದರದ ಪ್ಯಾನೆಲ್ಲುಗಳ ಪಕ್ಕದಲ್ಲಿ ಹರಳಿನ ಸಿಲಿಕಾನನ್ನೂ ನಿಲ್ಲಿಸಿ, ವರ್ಷಕ್ಕೆರಡು ಸಲ ಅಳೆದು, ಫಲವನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದು.

ಇದಕ್ಕೆ ಕಾಲ ಬಹಳ ಹಿಡಿಯುವುದಲ್ಲ ಎಂದು ಹೇಳುವವರಿರಬಹುದು. ಹಿಡಿಯುವುದು ನಿಶ್ಚಯ. ಆದರೆ ಅದೇ ಬೇಗನೆ ಆರಂಭಿಸಲು ಕಾರಣ. ಹತ್ತು ವರ್ಷದ ಫಲವನ್ನು ಹತ್ತು ವರ್ಷ ಕಾಯದೆ ಪಡೆಯುವ ಉಪಾಯವಿಲ್ಲ. ಮೊದಲ ಎರಡು ಮೂರು ವರ್ಷಗಳಲ್ಲಿಯೇ ತೀರ ಕೆಟ್ಟವು ಬಯಲಾಗುವುವು. ಅಷ್ಟರಿಂದಲೇ ಅನೇಕ ರೈತರು ಉಳಿದಾರು. ಸಿಲಿಕಾನೇ ಇರುವಾಗ ತೆಳುಪದರವು ಬೇಕೇ ಬೇಡವೇ ಎಂಬ ಪ್ರಶ್ನೆಗೂ ಇಂಥ ತಾಕಿನ ಅಳತೆಯೇ ಉತ್ತರ ಕೊಡಬೇಕು. ಮಾರುವವರ ಬಣ್ಣದ ಪತ್ರಿಕೆಯಲ್ಲ, ಹೊಸದೆಂದರೆ ಹೆದರುವ ನಮ್ಮ ಸ್ವಭಾವವೂ ಅಲ್ಲ.

ಎರಡನೆಯ ಸೂಚನೆ ಅಳತೆಯದು. ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರಗಳಲ್ಲಿ ಬಿಸಿಲಿನ ಬಲವನ್ನು ತೋರಿಸುವ ಮೀಟರನ್ನೂ ವಿದ್ಯುತ್ತನ್ನು ಅಳೆಯುವ ಮೀಟರನ್ನೂ ಇರಿಸಿ, ವರ್ಷಕ್ಕೊಮ್ಮೆ ಪ್ರತಿ ಸೋಲಾರ್ ಪಂಪುಸೆಟ್ಟಿನ ಬಲವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕದ ಒಂದು ಪ್ರತಿ ರೈತನ ಬಳಿ ಇರಲಿ. ಒದಗಿಸುವವರಿಗೆ ಸಲ್ಲತಕ್ಕ ಹಣದಲ್ಲಿ ಒಂದು ಪಾಲನ್ನು ಐದನೆಯ ವರ್ಷದ ಅಳತೆಯವರೆಗೆ ತಡೆಹಿಡಿದರೆ, ಭರವಸೆಯ ಕಾಗದಕ್ಕೆ ಆಗ ತೂಕ ಬರುವುದು.

ಮೂರನೆಯದು ರೈತರ ಪಾಲಿನ ಕೆಲಸ. ಪ್ಯಾನೆಲ್ಲಿನ ಕೆಳಗೆ ಗಾಳಿಯಾಡುವಂತೆ ಎತ್ತರದಲ್ಲಿ ಕೂರಿಸಿಕೊಳ್ಳಬೇಕು. ತಂಪಾದಷ್ಟೂ ಬಾಳಿಕೆ ಹೆಚ್ಚು. ತೆಳುಪದರದ ಕೋಶಗಳು ಉದ್ದನೆಯ ಪಟ್ಟಿಗಳಾಗಿರುವುದರಿಂದ, ತಯಾರಕರು ಬೇರೆ ವಿಧವಾಗಿ ಹೇಳದಿದ್ದಲ್ಲಿ, ಆ ಪಟ್ಟಿಗಳು ಮೇಲಿನಿಂದ ಕೆಳಕ್ಕೆ ಹೋಗುವಂತೆ ನಿಲ್ಲಿಸಬೇಕು. ಆಗ ಕೆಳ ಅಂಚಿನಲ್ಲಿ ಕೂಡುವ ಧೂಳು ಎಲ್ಲ ಪಟ್ಟಿಗಳ ತುದಿಯನ್ನೂ ಸ್ವಲ್ಪ ಸ್ವಲ್ಪ ಮುಚ್ಚುವುದು. ಅಡ್ಡವಾಗಿ ನಿಲ್ಲಿಸಿದರೆ ಒಂದು ಪಟ್ಟಿಯನ್ನು ಪೂರ್ತಿ ಮುಚ್ಚಿ ಅದನ್ನು ಸುಡಬಹುದು. ಬೆಳಗ್ಗೆ ಪ್ಯಾನೆಲ್ಲು ತಣ್ಣಗಿರುವಾಗಲೇ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಮಧ್ಯಾಹ್ನದ ಕಾದ ಗಾಜಿಗೆ ತಣ್ಣೀರೆರಚಿದರೆ ಗಾಜು ಸೀಳಬಹುದು. ಬೂದಿ ಮಣ್ಣುಗಳಿಂದ ಉಜ್ಜಬಾರದು. ಕೊಳವೆ ಬಾವಿಯ ಗಡಸು ನೀರನ್ನು ಗಾಜಿನ ಮೇಲೆಯೇ ಒಣಗಲು ಬಿಟ್ಟರೆ ಸುಣ್ಣದ ಕಲೆ ಕೂರುವುದರಿಂದ ಕೂಡಲೆ ಒರೆಸಬೇಕು. ಮಳೆನೀರನ್ನು ಹಿಡಿದಿಟ್ಟಿದ್ದರೆ ಅದೇ ಉತ್ತಮ.

ಕೊನೆಯದಾಗಿ, ಒಡೆದ ಪ್ಯಾನೆಲ್ಲಿನ ವಿಚಾರ. ತೆಳುಪದರಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ, ಕೆಲವಕ್ಕೆ ಸೀಸ ಸೇರಿದೆ. ಪ್ಯಾನೆಲ್ಲು ಇಡಿಯಾಗಿರುವಾಗ ಇವು ಗಾಜುಗಳ ನಡುವೆ ಬಂಧಿಯಾಗಿರುವುವು. ಒಡೆದ ಚೂರುಗಳನ್ನು ತಿಪ್ಪೆಗೋ ಕೆರೆಯ ಏರಿಗೋ ಎಸೆದರೆ ಕಾಲಕ್ರಮದಲ್ಲಿ ನೆಲ-ನೀರುಗಳಿಗೆ ಸೇರಬಹುದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಸೌರ ಪ್ಯಾನೆಲ್ಲುಗಳನ್ನೂ ಸೇರಿಸಿ ತಯಾರಕರ ಮೇಲೆ ಹೊಣೆ ಹೊರಿಸಲಾಗಿದೆ. ಒಡೆದದ್ದನ್ನು ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ಕೊಡುವ ದಿನವೇ ರೈತನಿಗೆ ಬರೆದುಕೊಡುವ ಪದ್ಧತಿಯೂ ಆಗಬೇಕು. ಬಾಳಿಕೆ ಹೆಚ್ಚಿದಷ್ಟೂ ಈ ಕಸ ಕಡಿಮೆಯೆಂಬುದು ಬಾಳಿಕೆಯ ಇನ್ನೊಂದು ಲಾಭ.

ಬಿಸಿಲು ನಮ್ಮ ಸೀಮೆಗೆ ಬರಗಾಲವನ್ನು ತರುವುದೆಂದೇ ಇದುವರೆಗೆ ಭಾವನೆಯಿತ್ತು. ಅದೇ ಬಿಸಿಲು ಈಗ ನೀರನ್ನೆತ್ತುವ ಆಳಾಗಿರುವುದು ಸಂತೋಷದ ಸಂಗತಿ. ಆದರೆ ಆಳನ್ನು ಕೂಡಿಸುವ ಯಂತ್ರವು ತೋಟದ ಗಿಡಕ್ಕಿಂತ ಮೊದಲೇ ಮುಪ್ಪಾಗಬಾರದು. ದಾಳಿಂಬೆಯ ಗಿಡವನ್ನು ನೆಡುವವನು ಮುಂದಿನ ಹಲವು ವರ್ಷಗಳ ನೀರಿನ ಲೆಕ್ಕವನ್ನು ನೆಟ್ಟ ದಿನವೇ ಹಾಕುವನು. ಪ್ಯಾನೆಲ್ಲನ್ನು ನೆಡುವ ಇಲಾಖೆಯವರೂ ರೈತರೂ ಅಂಥ ಲೆಕ್ಕವನ್ನೇ ಹಾಕಬೇಕೆಂಬುದು ನಮ್ಮ ವಿಜ್ಞಾಪನೆ.